ಮಳೆಗೆ ಸಾಕ್ಷಿ ಹೇಳುವ ಯಂತ್ರ

ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಮಳೆಗೆ ಒಂದೇ ಲೆಕ್ಕವಿಲ್ಲ. ಹಿರಿಯರು ನಕ್ಷತ್ರ ಹಿಡಿದು ಹೇಳುತ್ತಾರೆ: ಈ ಸಲ ಆರಿದ್ರೆ ಕೈಕೊಟ್ಟಿತು, ಪುನರ್ವಸು ಪರವಾಗಿಲ್ಲ, ಆಶ್ಲೇಷ ಬಿಡಲೇ ಇಲ್ಲ. ಕಾಫಿ ಎಸ್ಟೇಟಿನ ರೈಟರ ಪುಸ್ತಕದಲ್ಲಿ ಮಳೆ ಇರುವುದು ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಳತೆಗೆ ಹಿಡಿದು ನೋಡಿ ಬರೆಯುತ್ತಾರೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಎಷ್ಟು ಸೆಂಟು ಬಿತ್ತು ಎನ್ನುವುದರ ಮೇಲೆ ಆ ವರ್ಷದ ಫಸಲಿನ ಮಾತು ಶುರುವಾಗುತ್ತದೆ. ಮಳೆ ಬಾರದಿದ್ದರೂ ಮೊರೆ, ಬಂದು ನಿಲ್ಲದಿದ್ದರೂ ಮೊರೆ. ಎರಡಕ್ಕೂ ಕಿಗ್ಗದ ಋಷ್ಯಶೃಂಗೇಶ್ವರನೇ ಗತಿ.

ನಕ್ಷತ್ರ, ಸೆಂಟು ಈ ಎರಡು ಲೆಕ್ಕಗಳ ಪಕ್ಕದಲ್ಲಿ ಮೂರನೆಯದೊಂದು ಈಗ ನಡೆಯುತ್ತಿದೆ. ಅದನ್ನು ಬರೆಯಲು ಯಾರೂ ಮಳೆಯಲ್ಲಿ ಹೊರಗೆ ಹೋಗಬೇಕಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6 ಸಾವಿರಕ್ಕೂ ಹೆಚ್ಚು ದೂರಮಾಪನ ಮಳೆಮಾಪಕಗಳನ್ನು ನಿಲ್ಲಿಸಿದೆ. ಹೋಬಳಿಗೊಂದರಂತೆ ಹವಾಮಾನ ಕೇಂದ್ರಗಳೂ ಇವೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಪಂಚಾಯಿತಿಯ ಮಳೆ ಬೆಂಗಳೂರಿನ ಯಲಹಂಕದ ಕಂಪ್ಯೂಟರಿಗೆ 15 ನಿಮಿಷಕ್ಕೊಮ್ಮೆ ತಲುಪುವ ಏರ್ಪಾಡು ಇದು.

ಇಂಟರ್ನೆಟ್ ಆಫ್ ಥಿಂಗ್ಸ್, ಚುಟುಕಾಗಿ ಐಒಟಿ, ಎಂದಾಗ ಜಾಹೀರಾತಿನವರು ತೋರಿಸುವುದು ಹಾಲು ಮುಗಿದಿದೆ ಎಂದು ಸಾರುವ ಫ್ರಿಜ್ಜನ್ನು, ಮಾತು ಕೇಳಿ ಉರಿಯುವ ದೀಪವನ್ನು. ಮಲೆನಾಡಿನ ಮಟ್ಟಿಗೆ ಅದರ ನಿಜವಾದ ಮುಖ ಈ ಮಳೆಮಾಪಕ. ಸುತ್ತಲಿನ ಏನನ್ನೋ ಅಳೆಯುವುದು, ಅಳೆದದ್ದನ್ನು ಮನುಷ್ಯರ ಕೈ ಸೋಕದೆ ಜಾಲದ ಮೂಲಕ ಕಳಿಸುವುದು, ಅಲ್ಲಿ ಅದನ್ನು ಲೆಕ್ಕ ಹಾಕುವುದು, ಬೇಕಾದರೆ ಆ ಲೆಕ್ಕದಂತೆ ಏನನ್ನಾದರೂ ಮಾಡುವುದು: ಐಒಟಿಯ ಮೂಲ ಇಷ್ಟೇ. ಉಳಿದದ್ದೆಲ್ಲ ಇದರ ಮೇಲಿನ ಅಲಂಕಾರ.

ಮಾಪಕದ ಹೊಟ್ಟೆಯೊಳಗೆ ನಡೆಯುವುದು ಸರಳವಾದ ಕೆಲಸ. ಮೇಲಿನ ಆಲಿಕೆಯಿಂದ ಇಳಿದ ನೀರು ಕೆಳಗಿನ ಜೋಡಿ ಬಟ್ಟಲಿಗೆ ಬೀಳುತ್ತದೆ. ಮಕ್ಕಳಾಡುವ ತೂಗುಹಲಗೆಯ ಹಾಗೆ ನಡುವೆ ಆನಿಸಿ ನಿಲ್ಲಿಸಿದ ಬಟ್ಟಲು ಇದು. ಒಂದು ಬದಿ ತುಂಬಿದೊಡನೆ ಆ ಕಡೆ ವಾಲಿ ನೀರು ಚೆಲ್ಲುತ್ತದೆ. ಇನ್ನೊಂದು ಬದಿ ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಪ್ರತಿ ಸಲ ವಾಲುವಾಗಲೂ ಬಟ್ಟಲಿಗೆ ಅಂಟಿಸಿದ ಪುಟ್ಟ ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಸ್ವಿಚ್ಚು ಕ್ಷಣಮಾತ್ರ ಕೂಡಿ ಬಿಡುತ್ತದೆ. ಒಂದು ಸಲ ವಾಲಿದರೆ ಅರ್ಧ ಮಿಲಿಮೀಟರ್ ಎಂದು ನಿಗದಿಯಾಗಿದ್ದರೆ, ದಿನಕ್ಕೆ 100 ಮಿಲಿಮೀಟರ್ ಮಳೆ ಎಂದರೆ 200 ಸಲ ಟಕ್‌ಟಕ್. ಆಷಾಢದ ಶೃಂಗೇರಿಗೆ ನೂರು ಮಿಲಿಮೀಟರ್ ದೊಡ್ಡ ಮಾತಲ್ಲ. ಎಣಿಕೆಯನ್ನು ಗಡಿಯಾರದ ಸಮಯದೊಂದಿಗೆ ಬರೆದಿಟ್ಟುಕೊಳ್ಳುವ ಚಿಪ್, ಅದನ್ನು ಮೊಬೈಲ್ ಜಾಲಕ್ಕೆ ದಾಟಿಸುವ ಮೋಡೆಮ್, ಒಂದು ಸಿಮ್, ಬ್ಯಾಟರಿ, ಅದಕ್ಕೆ ಅನ್ನ ಹಾಕುವ ಸೌರಫಲಕ. ಅಷ್ಟೇ ಸರಂಜಾಮು.

ಈ ಸಿಮ್ಮಿನ ಬಗ್ಗೆ ಒಂದು ಮಾತು. ಮನುಷ್ಯರ ಮೊಬೈಲ್ ಸಂಖ್ಯೆಗೆ 10 ಅಂಕಿ. ಯಂತ್ರ ಯಂತ್ರದೊಡನೆ ಮಾತಾಡಲೆಂದೇ ಇರುವ ಸಿಮ್‌ಗಳಿಗೆ 2018ರ ಜುಲೈನಿಂದ ದೇಶದಲ್ಲಿ 13 ಅಂಕಿಯ ಸಂಖ್ಯೆ ಬಂದಿದೆ. ಯಂತ್ರಗಳ ಸಂಖ್ಯೆ ಬೆಳೆದಂತೆ ಮನುಷ್ಯರ ನಂಬರುಗಳು ಖಾಲಿಯಾಗಬಾರದೆಂಬ ಮುಂದಾಲೋಚನೆ.

ವಸ್ತುಗಳನ್ನು ಜಾಲಕ್ಕೆ ಜೋಡಿಸುವ ಯೋಚನೆಯೇನೂ ಹೊಸದಲ್ಲ. 1980ರ ದಶಕದ ಮೊದಲಲ್ಲೇ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ವಿಭಾಗದ ಕೋಕಾ-ಕೋಲಾ ಯಂತ್ರಕ್ಕೆ ತಂತಿ ಜೋಡಿಸಿದ್ದರು. ಬಾಟಲಿ ಇದೆಯೇ, ಇದ್ದರೆ ತಣ್ಣಗಾಗಿದೆಯೇ ಎಂದು ಕುಳಿತಲ್ಲೇ ತಿಳಿಯಬೇಕಿತ್ತು. ಸೋಮಾರಿತನದ ಸಾಧನೆ ಎನ್ನಬಹುದು. ಐಒಟಿ ಎಂಬ ಹೆಸರು ಬಂದದ್ದು 1999ರಲ್ಲಿ, ಕೆವಿನ್ ಆಷ್ಟನ್ ಎಂಬವರಿಂದ. ಅಂಗಡಿಯ ಸರಕಿಗೆ ರೇಡಿಯೊ ಚೀಟಿ ಅಂಟಿಸಿದರೆ ಯಾವ ಸರಕು ಎಲ್ಲಿದೆ ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಟೋಲ್‌ಗೇಟಿನಲ್ಲಿ ಕಾರಿನ ಗಾಜಿನ ಮೇಲೆ ಕಾಣುವ ಫಾಸ್ಟ್ಯಾಗ್ ಅದೇ ರೇಡಿಯೊ ಚೀಟಿಯ ಸಂತತಿ.

ಅಡ್ಡಗದ್ದೆಗೆ ಮರಳಿದರೆ, ಈ ಮಳೆ ಎಣಿಕೆ ಯಾರಿಗೆ ಬೇಕು? ಬರ ಪರಿಶೀಲನೆಗೆಂದು 1988ರಲ್ಲಿ ಕರ್ನಾಟಕ ಒಂದು ಪುಟ್ಟ ಕೋಶ ತೆರೆಯಿತು. ಅದೇ ಬೆಳೆದು ಇಂದಿನ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಕರೆ ಮಾಡಿ ತಮ್ಮ ಊರಿನ ಹೆಸರು ಹೇಳಿದರೆ ಅಲ್ಲಿನ ಮಳೆಯ ವಿವರ, ಮುನ್ಸೂಚನೆ ಹೇಳುತ್ತಾರೆ. ಸಿಡಿಲಿನ ಎಚ್ಚರಿಕೆಗೆ ‘ಸಿಡಿಲು’ ಎಂಬ ಆ್ಯಪ್ ಇದೆ. ನದಿ ಉಕ್ಕುವ ಮುನ್ನ ಕೆಳಗಿನವರಿಗೆ ತಿಳಿಸಲು, ಜಲಾಶಯದ ಒಳಹರಿವನ್ನು ಅಂದಾಜಿಸಲು ಇದೇ ಅಂಕಿಗಳು ಬೇಕು. ಬೆಂಗಳೂರಿನಲ್ಲಿ ಇದೇ ಕೇಂದ್ರ ರಾಜಕಾಲುವೆಗಳ ನೀರಿನ ಮಟ್ಟ ಅಳೆಯುವ ಸಂವೇದಕಗಳ ಮಾಹಿತಿಯನ್ನೂ ‘ಮೇಘ ಸಂದೇಶ’ ಎಂಬ ಆ್ಯಪ್‌ಗೆ ಕೊಡುತ್ತದೆ.

ಆದರೆ ಅಡಿಕೆ ಬೆಳೆಗಾರನಿಗೆ ಮಾಪಕದ ಮೇಲೆ ಕಣ್ಣು ಬಿದ್ದದ್ದು ಬೇರೆಯೇ ಕಾರಣಕ್ಕೆ. ದುಡ್ಡಿನ ಕಾರಣಕ್ಕೆ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ಬೆಳೆಗಾರ ಕಟ್ಟಬೇಕಾದ್ದು ಶೇ 5, ಅಂದರೆ 6,400 ರೂಪಾಯಿ. ಕಾಳುಮೆಣಸಿಗೆ 47,000ಕ್ಕೆ 2,350. ಕಂತಿನ ಉಳಿದ ಭಾಗ ಸರ್ಕಾರಗಳದ್ದು. ಈ ವಿಮೆಯ ಬಗೆ ವಿಚಿತ್ರ. ತೋಟಕ್ಕೆ ಬಂದು ಕೊಳೆತ ಕಾಯಿ ಎಣಿಸುವವರು ಯಾರೂ ಇಲ್ಲ. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇಷ್ಟಕ್ಕಿಂತ ಹೆಚ್ಚು ಮಳೆ ಬಿದ್ದರೆ, ಅಥವಾ ಇಷ್ಟು ದಿನ ಮಳೆಯೇ ಬಾರದಿದ್ದರೆ, ಬೆಳೆ ಹಾಳಾಗಿರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಪಟ್ಟಿ ಮಾಡಿರುತ್ತಾರೆ. ಮಾಪಕದ ಅಂಕಿ ಆ ಗೆರೆ ದಾಟಿದರೆ ಪರಿಹಾರ, ದಾಟದಿದ್ದರೆ ಇಲ್ಲ. ಅಳತೆಯ ಘಟಕ ಗ್ರಾಮ ಪಂಚಾಯಿತಿ. ಹಳೆಯ ಪದ್ಧತಿಯಲ್ಲಿ ಅಧಿಕಾರಿಗಳು ಬಂದು ನೋಡಿ ವರದಿ ಬರೆಯುವಷ್ಟರಲ್ಲಿ ವರ್ಷ ಉರುಳುತ್ತಿತ್ತು; ವಶೀಲಿಯ ಮಾತೂ ಇರುತ್ತಿತ್ತು. ಯಂತ್ರಕ್ಕೆ ವಶೀಲಿ ತಿಳಿಯದು. ಆ ಮಟ್ಟಿಗೆ ಇದು ಒಳ್ಳೆಯ ಯೋಚನೆ.

ತೊಡಕು ಶುರುವಾಗುವುದೂ ಅಲ್ಲೇ. ಮಲೆನಾಡಿನಲ್ಲಿ ಒಂದು ಗುಡ್ಡದ ಈ ಮಗ್ಗುಲಿಗೆ ಸುರಿದ ಮಳೆ ಆ ಮಗ್ಗುಲಿಗೆ ಬೀಳಬೇಕೆಂದಿಲ್ಲ. ಮಾಪಕ ಇರುವುದು ಪಂಚಾಯಿತಿಗೆ ಒಂದು; ಪಂಚಾಯಿತಿ ಚದುರಿರುವುದು ಕಣಿವೆ, ದರೆ, ಗುಡ್ಡಗಳ ಮೇಲೆ. ಒಂದು ಮೂಲೆಯ ತೋಟದಲ್ಲಿ ಕೊಳೆರೋಗ ಬಂದು ಕಾಯಿ ಉದುರಿದರೂ ಮಾಪಕದ ಪ್ರಕಾರ ಮಳೆ ಹದವಾಗಿಯೇ ಇರಬಹುದು. ಇದರ ಜೊತೆಗೆ ಮಾಪಕವೇ ಕೆಟ್ಟರೆ? ಆಗ ಹತ್ತಿರದ ಇನ್ನೊಂದು ಕೇಂದ್ರದ ಅಂಕಿಯನ್ನು ತೆಗೆದುಕೊಳ್ಳಲು ನಿಯಮವಿದೆ. ಆದರೆ ‘ಹತ್ತಿರ’ ಎನ್ನುವುದು ನಕಾಶೆಯ ಮೇಲಿನ ಹತ್ತಿರ. ನಡುವೆ ಒಂದು ಬೆಟ್ಟಸಾಲು ಇದ್ದರೆ ಅದು ಬೇರೆಯದೇ ಮಳೆ. ಉತ್ತರ ಕನ್ನಡದಲ್ಲಿ 2023–24ನೇ ಸಾಲಿನ ಪರಿಹಾರ ತಡವಾದಾಗ ಮಳೆಮಾಪಕಗಳು ಸರಿಯಾಗಿ ಕೆಲಸ ಮಾಡಿದ್ದವೇ, ಅವುಗಳ ಅಂಕಿಯನ್ನು ಒಪ್ಪಬೇಕೇ ಎಂಬುದೇ ದೊಡ್ಡ ತಕರಾರಾಯಿತು. ಬೆಳೆಗಾರರ ಸಭೆಗಳಲ್ಲಿ ಅದುವರೆಗೆ ಧಾರಣೆ ಮತ್ತು ಎಲೆಚುಕ್ಕೆ ರೋಗದ ಮಾತಿರುತ್ತಿತ್ತು. ಈಗ ‘ನಮ್ಮ ಪಂಚಾಯಿತಿ ಮಾಪಕ ಸರಿ ಇದೆಯೋ?’ ಎಂಬ ಪ್ರಶ್ನೆಯೂ ಸೇರಿಕೊಂಡಿದೆ.

ಮಾಪಕ ಕೆಡುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಆಲಿಕೆಗೆ ಒಂದು ಎಲೆ ಬಿದ್ದು ಕೊಳೆತರೆ ಸಾಕು, ನೀರು ನಿಧಾನವಾಗಿ ಜಿನುಗುತ್ತದೆ. ಸುರಿಮಳೆ ಮುಗಿದು ಎಷ್ಟೋ ಹೊತ್ತಿನ ಮೇಲೂ ಮಳೆ ಬರುತ್ತಿದೆ ಎಂದೇ ಯಂತ್ರ ವರದಿ ಮಾಡುತ್ತದೆ. ಪೂರ್ತಿ ಕಟ್ಟಿಕೊಂಡರೆ ಮುಸಲಧಾರೆಯ ನಡುವೆಯೂ ಸೊನ್ನೆ. ಇರುವೆ ಗೂಡು ಕಟ್ಟುತ್ತದೆ, ಜೇಡ ಬಲೆ ನೇಯುತ್ತದೆ, ಮಲೆನಾಡಿನ ಹಾವಸೆ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಮಾಪಕ ನಿಲ್ಲಿಸಿದಾಗ ಗಿಡವಾಗಿದ್ದದ್ದು ನಾಲ್ಕೈದು ವರ್ಷದಲ್ಲಿ ಮರವಾಗಿ ಕೊಂಬೆ ಚಾಚುತ್ತದೆ. ತೀರಾ ಜೋರು ಮಳೆಯಲ್ಲಿ ಬಟ್ಟಲು ಒಂದು ಬದಿಯಿಂದ ಇನ್ನೊಂದಕ್ಕೆ ವಾಲುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಅಳತೆ ತುಸು ಕಡಿಮೆ ಬರುವುದೂ ಈ ಬಗೆಯ ಮಾಪಕಗಳ ಹುಟ್ಟುಗುಣ. ಆಗುಂಬೆಯ ನೆರೆಯ ಸೀಮೆಯಲ್ಲಿ ಅದು ಸಣ್ಣ ವಿಷಯವಲ್ಲ.

ವಿದ್ಯುತ್ತಿನದು ಇನ್ನೊಂದು ಪಾಡು. ಅಳೆಯಬೇಕಾದ ಮಳೆ ಬರುವ ತಿಂಗಳುಗಳಲ್ಲೇ ಸೂರ್ಯ ಮುಖ ತೋರಿಸುವುದಿಲ್ಲ, ಸೌರಫಲಕ ಉಪವಾಸ. ಮೊಬೈಲ್ ಟವರಿಗೆ ಕರೆಂಟು ತರುವ ಲೈನಿನ ಮೇಲೆ ಜೂನ್–ಜುಲೈನಲ್ಲಿ ಮರ ಬೀಳುವುದು ಮಾಮೂಲು. ಟವರಿನ ಬ್ಯಾಟರಿ ಮುಗಿದರೆ ಊರಿನ ಫೋನುಗಳ ಜೊತೆ ಮಾಪಕದ ಬಾಯಿಯೂ ಕಟ್ಟುತ್ತದೆ. ಹೊತ್ತು ಹೊತ್ತಿಗೆ ಎಣಿಕೆಯನ್ನು ತನ್ನಲ್ಲೇ ಬರೆದಿಟ್ಟು, ಸಿಗ್ನಲ್ ಬಂದಾಗ ಒಟ್ಟಿಗೆ ಕಳಿಸುವ ಗುಣ ಇಂಥ ಯಂತ್ರಗಳಿಗೆ ಇರಲೇಬೇಕು. ಆದರೂ ಪ್ರವಾಹದ ಎಚ್ಚರಿಕೆಗೆ ನಾಳೆ ಬರುವ ಇಂದಿನ ಅಂಕಿಯಿಂದ ಏನು ಉಪಯೋಗ? ಇನ್ನು ಸಿಡಿಲು. ಮೊದಲ ಗುಡುಗಿಗೇ ಮಲೆನಾಡಿನ ಮನೆಗಳಲ್ಲಿ ಟಿವಿಯ ಪ್ಲಗ್ಗು, ಮೋಡೆಮಿನ ವೈರು ಕೀಳುತ್ತಾರೆ. ಬಯಲಲ್ಲಿ ಕಂಬ ಹಿಡಿದು ನಿಂತ ಯಂತ್ರದ ವೈರು ಕೀಳುವವರಿಲ್ಲ.

ಜಾಲದ ಸಮಸ್ಯೆಗೆ ಬೇರೊಂದು ದಾರಿ ಇದೆ. ಮಳೆಯ ಎಣಿಕೆ, ಮಣ್ಣಿನ ತೇವ, ಟ್ಯಾಂಕಿನ ಮಟ್ಟ ಇವೆಲ್ಲ ಕೆಲವೇ ಅಕ್ಷರಗಳ ಸಂದೇಶ. ಸಿನಿಮಾ ಕಳಿಸುವ ವೇಗ ಇದಕ್ಕೆ ಬೇಡ. ‘ಲೋರಾ’ ಎಂಬ ರೇಡಿಯೊ ತಂತ್ರ ಹುಟ್ಟಿದ್ದು ಇಂಥ ಅಗತ್ಯಕ್ಕೇ. ನಿಧಾನ, ಆದರೆ ತೆರೆದ ಜಾಗದಲ್ಲಿ ಹಲವು ಕಿಲೋಮೀಟರ್ ಹೋಗುತ್ತದೆ. ದಿನಕ್ಕೆ ನಾಲ್ಕಾರು ಸಲ ಸಂದೇಶ ಕಳಿಸುವ ಸಂವೇದಕ ಪುಟ್ಟ ಬ್ಯಾಟರಿಗಳ ಮೇಲೆ ವರ್ಷಗಟ್ಟಲೆ ಬದುಕಬಲ್ಲದು. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಅಲೆಗಳನ್ನು ಇದಕ್ಕೆ ಬಳಸಲು ಪರವಾನಗಿ ಬೇಕಿಲ್ಲ. ಗುಡ್ಡದ ನೆತ್ತಿಯ ಮೇಲೊಂದು ಗ್ರಾಹಕ ನಿಲ್ಲಿಸಿದರೆ ಕೆಳಗಿನ ಕಣಿವೆಯ ಹತ್ತಾರು ತೋಟಗಳ ಸಂವೇದಕಗಳು ಒಂದೇ ಇಂಟರ್ನೆಟ್ ಸಂಪರ್ಕದಲ್ಲಿ ನಡೆದುಹೋಗುತ್ತವೆ. ಒದ್ದೆ ಕಾಡು ರೇಡಿಯೊ ಅಲೆಗಳನ್ನು ನುಂಗುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಬಯಲುಸೀಮೆಯ ಹೊಲದಲ್ಲಿ ಹೋದಷ್ಟು ದೂರ ಇಲ್ಲಿ ಹೋಗದು.

ತೋಟದೊಳಗೆ ಐಒಟಿಗೆ ಕೆಲಸವಿಲ್ಲವೇ? ಇದೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವೇ ಇದಕ್ಕೆ ಮದ್ದು ಎಂದು ಅವರು ತೋರಿಸಿಕೊಟ್ಟದ್ದು ನೂರು ವರ್ಷ ದಾಟಿದರೂ ನಡೆಯುತ್ತಿದೆ. ಮದ್ದು ಗೊತ್ತಿದೆ, ಕಷ್ಟ ಇರುವುದು ಹೊತ್ತು ಹಿಡಿಯುವುದರಲ್ಲಿ. ಮಳೆಗಾಲಕ್ಕೆ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ ಹೊಡೆಯಬೇಕು. ಹೊಡೆದ ಮದ್ದು ಒಣಗುವಷ್ಟು ಹೊಳವು ಸಿಗಬೇಕು. ಆ ಹೊಳವಿಗೆ ಸರಿಯಾಗಿ ಮರ ಹತ್ತುವ ಕೊನೆಗಾರ ಸಿಗಬೇಕು. ಉಷ್ಣಾಂಶ 20ರಿಂದ 23 ಡಿಗ್ರಿ, ಗಾಳಿಯ ತೇವಾಂಶ ಶೇ 90ಕ್ಕೂ ಮೇಲೆ, ಬಿಡದ ಮಳೆ: ರೋಗಕ್ಕೆ ಹೇಳಿ ಮಾಡಿಸಿದ ಹವೆ ಇದು. ತೇವ, ಉಷ್ಣಾಂಶ, ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು ಎಂಬುದನ್ನು ಅಳೆಯುವ ಸಂವೇದಕಗಳಿಂದ ರೋಗದ ಮುನ್ಸೂಚನೆ ಕೊಡುವ ವ್ಯವಸ್ಥೆಗಳು ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ನೆಲೆಯೂರಿವೆ. ಬೆಂಗಳೂರಿನ ‘ಫಸಲ್’ ಅಂಥದೊಂದು ಕಂಪನಿ. ಅಡಿಕೆಗೂ ಇದು ಆಗದ ಕೆಲಸವಲ್ಲ. ಆದರೆ ಎರಡು ಎಕರೆ ತೋಟದವನು ತಾನೊಬ್ಬನೇ ಕೊಳ್ಳುವ ಸಾಮಾನು ಇದಲ್ಲ. ಕಣಿವೆಗೊಂದು, ಸೊಸೈಟಿಯ ಲೆಕ್ಕದಲ್ಲಿ ಎಂದರೆ ಮಾತು ಬೇರೆ. ಅಷ್ಟಕ್ಕೂ ಈ ಸೀಮೆಯ ಬಹುಪಾಲು ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಯಾವ ಸಂವೇದಕವೂ ಮದ್ದಲ್ಲ.

ಬೇಸಿಗೆಯ ಕತೆ ಸುಲಭ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ತ್ರೀ ಫೇಸ್ ಕರೆಂಟು ಬರುವುದು ಅದಕ್ಕೆ ಮನಸ್ಸು ಬಂದಾಗ. ನಡುರಾತ್ರಿ ಟಾರ್ಚು ಹಿಡಿದು ಹೊಳೆಯಂಚಿನ ಪಂಪ್‌ಹೌಸಿಗೆ ನಡೆಯುವುದನ್ನು ತಪ್ಪಿಸಿದ್ದು ಮೊಬೈಲ್ ಸ್ಟಾರ್ಟರು. ಬೆಂಗಳೂರಿನ ‘ಕಿಸಾನ್ ರಾಜ’, ಪುಣೆಯ ‘ನ್ಯಾನೊ ಗಣೇಶ್’ ಇವೆಲ್ಲ ಐಒಟಿ ಎಂಬ ಹೆಸರು ಜನರ ಬಾಯಿಗೆ ಬರುವ ಮೊದಲೇ ರೈತರ ಮೋಟಾರಿಗೆ ಸಿಮ್ ಹಾಕಿಸಿದವು. ಫೋನಿನಿಂದ ಮೋಟಾರು ಚಾಲೂ. ಕರೆಂಟು ಬಂತು, ಹೋಯಿತು, ಬಾವಿ ಬತ್ತಿತು ಎಂಬ ಸುದ್ದಿ ಮರಳಿ ಫೋನಿಗೆ. ಮಳೆಮಾಪಕ ಬರೀ ನೋಡಿ ಹೇಳುತ್ತದೆ. ಈ ಸ್ಟಾರ್ಟರು ಹೇಳಿದ ಕೆಲಸವನ್ನೂ ಮಾಡುತ್ತದೆ. ಇಡೀ ಐಒಟಿಯಲ್ಲಿ ಮಲೆನಾಡಿನವರು ಯಾರ ಉಪದೇಶವೂ ಇಲ್ಲದೆ ಸ್ವಂತ ಖರ್ಚಿನಲ್ಲಿ ಒಪ್ಪಿಕೊಂಡದ್ದು ಇದೊಂದನ್ನೇ ಇರಬೇಕು.

ಆನೆಯ ವಿಷಯ ಹಾಗಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಬಳಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು. ನರಸಿಂಹರಾಜಪುರ, ಕೊಪ್ಪದ ಕಡೆಯೂ ಆನೆ ಭಯ ಹೊಸದಲ್ಲ. ಹಾಸನ, ಕೊಡಗು ಭಾಗದಲ್ಲಿ ಹಿಂಡಿನ ಆನೆಗೆ ರೇಡಿಯೊ ಕಾಲರ್ ತೊಡಿಸಿ, ಅದು ಇರುವ ಜಾಗವನ್ನು ಉಪಗ್ರಹದಿಂದ ತಿಳಿದು, ಸುತ್ತಲಿನ ಊರುಗಳಿಗೆ ಸಂದೇಶ ಕಳಿಸುವ ಕ್ರಮವಿದೆ. ಆಮದು ಕಾಲರ್‌ಗಳು ದುಬಾರಿ, ಭಾರ. 2025ರಲ್ಲಿ ಅರಣ್ಯ ಇಲಾಖೆ ಹಗುರವಾದ, ಕಡಿಮೆ ಬೆಲೆಯ ಸ್ವದೇಶಿ ಕಾಲರನ್ನು ತಂದಿತು. ಅದು ಮೊಬೈಲ್ ಜಾಲದ ಮೇಲೆ ನಡೆಯುತ್ತದೆ. ಸಿಗ್ನಲ್ಲೇ ಇಲ್ಲದ ಕಾಡಿನ ಅಂಚಿನಲ್ಲಿ ಆನೆಯೂ ಮನುಷ್ಯನೂ ಒಟ್ಟಿಗೆ ವ್ಯಾಪ್ತಿಪ್ರದೇಶದ ಹೊರಗಿರುತ್ತಾರೆ. ಕಾಲರ್ ಇಲ್ಲದ ಒಂಟಿ ಸಲಗಕ್ಕಂತೂ ಈ ಲೆಕ್ಕ ಅನ್ವಯಿಸುವುದೇ ಇಲ್ಲ.

ಮನೆಯೊಳಗೂ ಐಒಟಿ ಬಂದಿದೆ, ಮಕ್ಕಳ ರೂಪದಲ್ಲಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ, ಊರಿನ ಒಂಟಿಮನೆಯಲ್ಲಿರುವ ಅಪ್ಪ ಅಮ್ಮನ ಕ್ಷೇಮಕ್ಕೆಂದು ಜಗಲಿಗೆ ಕ್ಯಾಮೆರಾ ಹಾಕಿಸುತ್ತಾನೆ. ಹಾಕಿದವನು ಪೆಟ್ಟಿಗೆಯ ಮೇಲಿದ್ದ ಪಾಸ್‌ವರ್ಡನ್ನೇ ಬಿಟ್ಟು ಹೋಗಿರುತ್ತಾನೆ. 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಅಮೆರಿಕದ ಬಹುಭಾಗದಲ್ಲಿ ತೆರೆಯದಂತೆ ಮಾಡಿದ್ದು ಇಂಥವೇ ಕ್ಯಾಮೆರಾಗಳು. ‘ಮಿರಾಯ್’ ಎಂಬ ಕುತಂತ್ರಾಂಶ ಅರವತ್ತು ಚಿಲ್ಲರೆ ಕಾರ್ಖಾನೆ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ ಸಾವಿರಾರು ಸಾಧನಗಳ ಒಳಹೊಕ್ಕು ಅವುಗಳಿಂದ ದಾಳಿ ಮಾಡಿಸಿತ್ತು. ಮಾಲೀಕರಿಗೆ ಗೊತ್ತೇ ಆಗಲಿಲ್ಲ. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು. ಪಾಸ್‌ವರ್ಡ್ ಬದಲಿಸುವುದಕ್ಕೆ ಖರ್ಚಿಲ್ಲ.

ಕಂಪನಿಯೇ ಬಾಗಿಲು ಮುಚ್ಚಿದರೆ ಏನು ಎಂಬ ಪ್ರಶ್ನೆಯೂ ಉಳಿದಿದೆ. ಮನೆಯ ಸಾಧನಗಳನ್ನೆಲ್ಲ ನಿಯಂತ್ರಿಸುವ ‘ರಿವಾಲ್ವ್’ ಎಂಬ ಪೆಟ್ಟಿಗೆಯನ್ನು ಸುಮಾರು 300 ಡಾಲರ್ ಕೊಟ್ಟು ಕೊಂಡವರು 2016ರ ಮೇ ತಿಂಗಳ ಒಂದು ದಿನ ನೋಡುತ್ತಾರೆ, ಪೆಟ್ಟಿಗೆ ಮೂಕ. ಅದನ್ನು ತಯಾರಿಸಿದ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಸರ್ವರ್ ನಿಲ್ಲಿಸಿತ್ತು. ಹಳೆಯ 2ಜಿ ಜಾಲವನ್ನೇ ನಂಬಿದ ಮೋಡೆಮ್‌ಗಳಿಗೂ ಇದೇ ಗತಿ ಕಾದಿದೆ. ಟವರಿನಲ್ಲಿ ಆ ಸೇವೆ ನಿಂತ ದಿನ ಚೆನ್ನಾಗಿರುವ ಯಂತ್ರವೂ ಗುಜರಿಯೇ.

ಮಳೆಮಾಪಕದ ವಿಷಯದಲ್ಲಿ ಮಾಡಬಹುದಾದದ್ದು ಇನ್ನೂ ಇದೆ, ಅದೂ ದೊಡ್ಡ ಖರ್ಚಿಲ್ಲದೆ. ಯಂತ್ರ ಕೊಂಡು ನಿಲ್ಲಿಸುವುದಕ್ಕೆ ಟೆಂಡರು ಆಗುತ್ತದೆ; ವರ್ಷಕ್ಕೆರಡು ಸಲ ಆಲಿಕೆ ತೊಳೆದು, ಅಳತೆ ನೀರು ಸುರಿದು ಎಣಿಕೆ ಸರಿ ಬರುತ್ತದೆಯೇ ಎಂದು ನೋಡುವ ಕೆಲಸಕ್ಕೆ ಅಷ್ಟು ಆಸಕ್ತಿ ಹುಟ್ಟುವುದಿಲ್ಲ. ಮಾಪಕವನ್ನು ಕೊನೆಯ ಸಲ ತೊಳೆದದ್ದು ಯಾವಾಗ, ಪರೀಕ್ಷಿಸಿದ್ದು ಯಾರು, ಯಾವ ದಿನಗಳ ಅಂಕಿ ಬಂದಿಲ್ಲ ಎಂಬ ಮೂರು ಸಾಲನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ತಿಂಗಳಿಗೊಮ್ಮೆ ಹಚ್ಚಿದರೆ, ವಿಮೆಯ ತಕರಾರುಗಳಲ್ಲಿ ಹಲವು ಹುಟ್ಟುವುದೇ ಇಲ್ಲ. ಬೆಳೆಗಾರರ ಕಡೆಯಿಂದಲೂ ಒಂದು ಕೆಲಸವಿದೆ. ಎಸ್ಟೇಟುಗಳ ಇಂಚು–ಸೆಂಟಿನ ಪುಸ್ತಕಕ್ಕೆ ವಿಮಾ ಕಂಪನಿಯ ಮುಂದೆ ಬೆಲೆ ಇಲ್ಲ ಎಂಬುದು ನಿಜ. ಆದರೆ ಪಂಚಾಯಿತಿಯ ಮಾಪಕ ಸೊನ್ನೆ ತೋರಿಸುತ್ತಿರುವ ದಿನ ಪಕ್ಕದ ತೋಟದ ಪುಸ್ತಕದಲ್ಲಿ ಮೂರು ಇಂಚು ಇದ್ದರೆ, ಅದನ್ನು ಹಿಡಿದು ಆ ವಾರದಲ್ಲೇ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ತೋಟಗಾರಿಕೆ ಇಲಾಖೆಗೂ ಬರವಣಿಗೆಯಲ್ಲಿ ದೂರು ಕೊಡಬಹುದು. ವಿಮೆಯ ವರ್ಷ ಮುಗಿಯುವುದು ಜೂನ್ 30ಕ್ಕೆ, ಪರಿಹಾರದ ಪಟ್ಟಿ ಬರುವುದು ಅದಕ್ಕೂ ಎಷ್ಟೋ ತಿಂಗಳ ಮೇಲೆ. ಈಗಿನ ದೂರುಗಳಲ್ಲಿ ಹೆಚ್ಚಿನವು ಏಳುವುದು ಆ ಪಟ್ಟಿ ಕೈಗೆ ಬಂದ ನಂತರ.